ರೋಮಾಂಚನಪ್ರಿಯ ವ್ಯಕ್ತಿತ್ವ: ಮೈಲಾಪೂರು ಮತ್ತು ಚೆನ್ನೈ ನಗರದ ನಿದರ್ಶನಗಳು

ಹೊಸತನ, ವೈವಿಧ್ಯ, ತೀವ್ರತೆಗಳಿಂದ ಕೂಡಿದ ಅನುಭವವನ್ನು ಅರಸಿಕೊಂಡು ಹೋಗುವ, ಅದಕ್ಕಾಗಿ ದೇಹಕ್ಕೋ ಹಣಕ್ಕೋ ಮಾನಕ್ಕೋ ಒದಗಬಹುದಾದ ಅಪಾಯವನ್ನು ತಿಳಿದೂ ಒಪ್ಪಿಕೊಳ್ಳುವ ಮನೋಧರ್ಮವುಳ್ಳವರನ್ನು ಮನೋವಿಜ್ಞಾನವು ರೋಮಾಂಚನಪ್ರಿಯ ವ್ಯಕ್ತಿತ್ವದವರೆಂದು ವರ್ಗೀಕರಿಸುತ್ತದೆ. ಇದು ಕಾಯಿಲೆಗಳ ಯಾವ ಪಟ್ಟಿಯಲ್ಲೂ ಸೇರಿಲ್ಲ. ಎಲ್ಲ ಮನುಷ್ಯರಲ್ಲಿಯೂ ಹೆಚ್ಚು ಕಡಿಮೆ ಪ್ರಮಾಣದಲ್ಲಿರುವ, ಹದಿಹರೆಯದಲ್ಲಿ ಏರಿ ವಯಸ್ಸಾದಂತೆ ಇಳಿಯುವ ಒಂದು ಗುಣ. ಈ ಗುಣವನ್ನು ಪ್ರಶ್ನಾವಳಿಯಿಂದ ಅಳೆಯುವ ಕ್ರಮ ಅರುವತ್ತು ವರ್ಷಗಳಿಂದ ನಡೆದುಬಂದಿದೆಯಾದರೂ, ಹೆಚ್ಚು ಅಂಕ ಪಡೆದ ವ್ಯಕ್ತಿ ಮುಂದೆ ಏನು ಮಾಡುತ್ತಾನೆ, ಬಂಡೆ ಹತ್ತುತ್ತಾನೋ ಬಸ್ಸಿನ ಮೆಟ್ಟಿಲಿಗೆ ಜೋತುಬೀಳುತ್ತಾನೋ ಚದುರಂಗದ ಮಣೆಯ ಮೇಲೆ ಆನೆಯನ್ನು ಬಲಿಕೊಡುತ್ತಾನೋ ಎಂಬುದನ್ನು ಆ ಅಂಕ ಹೇಳುವುದಿಲ್ಲ. ಅದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅವನ ಊರು, ಸಹವಾಸ, ಆ ಊರು ಯಾವ ಅಪಾಯಕ್ಕೆ ಪರವಾನಗಿ ಕೊಟ್ಟಿದೆ ಎಂಬ ಸಂಗತಿ. ಒಂದು ಕಡೆ ಕಪಾಲೀಶ್ವರನ ದೇವಾಲಯವನ್ನೂ ಮತ್ತೊಂದು ಕಡೆ ಮರೀನಾ ಕಡಲತೀರವನ್ನೂ ಇಟ್ಟುಕೊಂಡು, ಸಂಪ್ರದಾಯಸ್ಥರ ಊರೆಂದು ಹೆಸರಾದ ಚೆನ್ನೈನ ಮೈಲಾಪೂರಿನಲ್ಲಿ ಮತ್ತು ಅದರ ಸುತ್ತಮುತ್ತ ಇದಕ್ಕೆ ಬೇಕಾದಷ್ಟು ಸಾಕ್ಷ್ಯ ಸಿಗುತ್ತದೆ.

ಈ ವಿಚಾರದ ಬೇರು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿದೆ. ಪ್ರಚೋದನೆ ಹೆಚ್ಚುತ್ತ ಹೋದಂತೆ ಹಿತವೂ ಒಂದು ಹಂತದವರೆಗೆ ಹೆಚ್ಚಿ, ಅಲ್ಲಿಂದ ಮುಂದೆ ಇಳಿದು ಅಹಿತವಾಗುತ್ತದೆಂದು ವಿಲ್ಹೆಲ್ಮ್ ವುಂಟ್ 1874ರಲ್ಲಿ ಸೂಚಿಸಿದ್ದನು. 1950ರ ದಶಕದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಹೆಬ್ ಇದಕ್ಕೆ ಮಿದುಳಿನ ಆಧಾರ ಒದಗಿಸಿದನು: ಪ್ರತಿಯೊಬ್ಬರ ಮಿದುಳಿಗೂ ಹಿತವೆನಿಸುವ ಒಂದು ಎಚ್ಚರಮಟ್ಟವಿರುತ್ತದೆ, ಅದಕ್ಕಿಂತ ಕೆಳಗಿಳಿದರೆ ಬೇಸರ, ಮೇಲೇರಿದರೆ ಆತಂಕ. ಅವನ ಪ್ರಯೋಗಾಲಯದಲ್ಲಿ ಕಣ್ಣು, ಕಿವಿ, ಕೈಗಳಿಗೆ ಯಾವ ಅನುಭವವೂ ತಟ್ಟದಂತೆ ಮಾಡಿ ವಿದ್ಯಾರ್ಥಿಗಳನ್ನು ಸುಮ್ಮನೆ ಮಲಗಿಸಿದಾಗ, ದಿನಕ್ಕೆ 20 ಡಾಲರ್ ಕೂಲಿ ಸಿಗುತ್ತಿದ್ದರೂ ಬಹುಪಾಲು ಮಂದಿ ಎರಡು ಮೂರು ದಿನಗಳಲ್ಲಿ ಎದ್ದುಹೋದರು. ಇಂಥದೇ ಪ್ರಯೋಗಗಳನ್ನು ನಡೆಸುತ್ತಿದ್ದ ಅಮೆರಿಕದ ಮಾರ್ವಿನ್ ಜುಕರ್‌ಮನ್ (1928–2018) ಒಂದು ವಿಚಿತ್ರವನ್ನು ಗಮನಿಸಿದನು. ಏನೂ ಇಲ್ಲದ ಕೋಣೆಯಲ್ಲಿ ಮಲಗಲು ತಾವಾಗಿ ಮುಂದೆ ಬರುತ್ತಿದ್ದವರು ಶಾಂತಸ್ವಭಾವದವರಾಗಿರಲಿಲ್ಲ. ಅಲ್ಲಿ ಭ್ರಮೆಗಳು ಕಾಣಿಸಬಹುದೆಂಬ ಕುತೂಹಲದಿಂದ ಬರುವ, ಒಂದೆಡೆ ಕೂರಲಾರದ ಜನರೇ ಹೆಚ್ಚಾಗಿದ್ದರು. ಈ ಗುಣಕ್ಕೆ ಸಂವೇದನಾಕಾಂಕ್ಷೆ ಎಂಬ ಅರ್ಥ ಬರುವ ಹೆಸರನ್ನಿಟ್ಟು, ಅದರ ಮೊದಲ ಅಳತೆಗೋಲನ್ನು 1964ರಲ್ಲಿಯೂ ಇಂದಿಗೂ ಬಳಕೆಯಲ್ಲಿರುವ 40 ಪ್ರಶ್ನೆಗಳ ರೂಪವನ್ನು 1978ರಲ್ಲಿಯೂ ಅವನು ಪ್ರಕಟಿಸಿದನು. ಅಮೆರಿಕದ ಫ್ರಾಂಕ್ ಫಾರ್ಲಿ 1980ರ ದಶಕದಲ್ಲಿ ಇಂಥವರನ್ನು ಟಿ ಮಾದರಿಯ ವ್ಯಕ್ತಿಗಳೆಂದು ಕರೆದು, ಅದರೊಳಗೆ ಕಟ್ಟುವ ಸಾಹಸ ಮತ್ತು ಕೆಡಹುವ ಸಾಹಸ, ದೇಹದ ಸಾಹಸ ಮತ್ತು ಬುದ್ಧಿಯ ಸಾಹಸ ಎಂಬ ವಿಂಗಡಣೆ ಮಾಡಿದನು. ಫಾರ್ಲಿಯ ವಿಂಗಡಣೆಗೆ ಜುಕರ್‌ಮನ್‌ನ ಅಳತೆಯಷ್ಟು ಪ್ರಾಯೋಗಿಕ ಬಲವಿಲ್ಲ. ಆದರೆ ಒಂದೇ ಹಂಬಲ ಬೇರೆಬೇರೆ ದಾರಿ ಹಿಡಿಯಬಹುದೆಂಬುದನ್ನು ಅದು ಸ್ಪಷ್ಟವಾಗಿ ಹೇಳಿತು.

ಜುಕರ್‌ಮನ್‌ನ ಪ್ರಶ್ನಾವಳಿ ಈ ಗುಣವನ್ನು ನಾಲ್ಕು ಅಂಶಗಳಾಗಿ ಬಿಡಿಸುತ್ತದೆ. ಧುಮುಕುಕೊಡೆ, ಪರ್ವತಾರೋಹಣಗಳಂಥ ದೈಹಿಕ ಸಾಹಸದ ಒಲವು ಮೊದಲನೆಯದು. ಪ್ರವಾಸ, ಸಂಗೀತ, ಕಲೆ, ರೂಢಿ ಬಿಟ್ಟ ಬದುಕು ಇವುಗಳ ಮೂಲಕ ಮನಸ್ಸಿಗೆ ಹೊಸ ಅನುಭವ ಬೇಡುವುದು ಎರಡನೆಯದು. ಕುಡಿತ, ಪಾರ್ಟಿ, ಜೂಜು ಮೊದಲಾದ ಕಡೆ ಸಂಕೋಚದ ಹಿಡಿತ ಸಡಿಲುವುದು ಮೂರನೆಯದಾದರೆ, ಒಂದೇ ಕೆಲಸ, ಒಂದೇ ಮುಖ, ಒಂದೇ ಮಾತು ಇವನ್ನು ಸಹಿಸಲಾರದಿರುವುದು ನಾಲ್ಕನೆಯದು. ಒಬ್ಬನೇ ವ್ಯಕ್ತಿ ನಾಲ್ಕರಲ್ಲೂ ಒಂದೇ ಮಟ್ಟದಲ್ಲಿರಬೇಕೆಂದಿಲ್ಲ. ಅಮೆರಿಕದ ಕಾಲೇಜು ಹುಡುಗರನ್ನು ಮುಂದಿಟ್ಟುಕೊಂಡು ಬರೆದ ಪ್ರಶ್ನೆಗಳು ಬೇರೆಡೆ ತೊಡಕಾಗುವುದೂ ಇಲ್ಲಿಯೇ. ಹಿಮದ ಮೇಲೆ ಜಾರುವ ಆಟವನ್ನು ನೋಡಿಯೇ ಇರದ, ಮದ್ಯವನ್ನು ಮನೆಯ ಹೊಸಿಲೊಳಗೆ ಬಿಟ್ಟುಕೊಳ್ಳದ, ದೇವಾಲಯದ ಸುತ್ತಲಿನ ಮಾಡವೀದಿಯ ಕುಟುಂಬದ ಹುಡುಗನೊಬ್ಬ ಈ ಪ್ರಶ್ನೆಗಳಿಗೆ ಉತ್ತರಿಸಿದರೆ ಬರುವ ಕಡಿಮೆ ಅಂಕ ಅವನ ಸ್ವಭಾವವನ್ನು ತೋರುತ್ತದೋ ಅವನ ಮನೆಯ ಕಟ್ಟುಪಾಡನ್ನು ತೋರುತ್ತದೋ ಹೇಳುವುದು ಕಷ್ಟ. ಅದೇ ಹುಡುಗ ಬೆಳಗಿನ ಲೋಕಲ್ ರೈಲಿನ ಬಾಗಿಲಲ್ಲಿ ಜೋತಾಡುವವನಾಗಿರಬಹುದು. ಅದರ ಬಗ್ಗೆ ಮೂಲ ಪ್ರಶ್ನಾವಳಿಯಲ್ಲಿ ಒಂದು ಸಾಲೂ ಇಲ್ಲ. 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ತೆರೆದಂದಿನಿಂದಲೂ ಪಶ್ಚಿಮದ ಪರೀಕ್ಷೆಗಳನ್ನು ಇಲ್ಲಿನ ಜನಕ್ಕೆ ಹೊಂದಿಸಿಕೊಳ್ಳುವ ಕೆಲಸ ದಕ್ಷಿಣ ಭಾರತದ ಮನೋವಿಜ್ಞಾನಿಗಳಿಗೆ ತಪ್ಪಿದ್ದಲ್ಲ.

ರೋಮಾಂಚನಪ್ರಿಯತೆಯನ್ನು ದುಡುಕುತನದೊಂದಿಗೆ ಕಲಸುವುದು ಸಾಮಾನ್ಯ ತಪ್ಪು. ದುಡುಕುತನವೆಂದರೆ ಪರಿಣಾಮವನ್ನು ಯೋಚಿಸದೆ ಕೈಹಾಕುವುದು. ರೋಮಾಂಚನಪ್ರಿಯನು ತಿಂಗಳುಗಟ್ಟಲೆ ಯೋಜನೆ ಹಾಕಿ ಅಪಾಯಕ್ಕಿಳಿಯುವವನೂ ಆಗಿರಬಹುದು. ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಅವರ ಸಂಗಡಿಗರ ಅಧ್ಯಯನಗಳ ಪ್ರಕಾರ ಇವೆರಡರ ಬೆಳವಣಿಗೆಯ ದಾರಿಯೂ ಬೇರೆ. ರೋಮಾಂಚನದ ಹಂಬಲ ಪ್ರಾಯಕ್ಕೆ ಬರುವ ಹೊತ್ತಿಗೆ ಸರ್ರನೆ ಏರಿ ಮುಂದೆ ಇಳಿಯುತ್ತದೆ, ದುಡುಕುತನ ಬಾಲ್ಯದಿಂದ ಇಪ್ಪತ್ತರ ಹರೆಯದವರೆಗೂ ನಿಧಾನವಾಗಿ ಕಡಿಮೆಯಾಗುತ್ತ ಹೋಗುತ್ತದೆ. ಹಂಬಲ ಉತ್ತುಂಗದಲ್ಲಿದ್ದು ಹಿಡಿತ ಇನ್ನೂ ಬಲಿಯದಿರುವ ನಡುವಣ ಕೆಲವು ವರ್ಷಗಳೇ ಕಾಲೇಜಿನ ವರ್ಷಗಳು.

ಶರೀರಶಾಸ್ತ್ರದ ಕಡೆಯಿಂದ ಹೇಳಬೇಕಾದ್ದು ಬಹಳವಿದ್ದರೂ ಖಚಿತವಾದದ್ದು ಕಡಿಮೆ. ಅವಳಿಗಳ ಮೇಲೆ ನಡೆದ 1980ರ ಅಧ್ಯಯನವೊಂದು ಈ ಗುಣದಲ್ಲಿ ವ್ಯಕ್ತಿಯಿಂದ ವ್ಯಕ್ತಿಗಿರುವ ಅಂತರದ ಶೇ. 58ರಷ್ಟಕ್ಕೆ ಆನುವಂಶಿಕತೆ ಕಾರಣವೆಂದು ಅಂದಾಜಿಸಿತು. 1996ರಲ್ಲಿ ಡೋಪಮೈನ್ ಎಂಬ ನರವಾಹಕ ರಾಸಾಯನಿಕವನ್ನು ಗ್ರಹಿಸುವ ಡಿಆರ್‌ಡಿ4 ಜೀನಿನ ಒಂದು ರೂಪ ಹೊಸತನದ ಹಂಬಲಕ್ಕೆ ಕಾರಣವೆಂಬ ವರದಿ ಬಂದಾಗ ಪತ್ರಿಕೆಗಳು ‘ಸಾಹಸದ ಜೀನ್’ ಸಿಕ್ಕಿತೆಂದು ಸಂಭ್ರಮಿಸಿದವು. ಮುಂದೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಸಂಬಂಧ ಗಟ್ಟಿಯಾಗಿ ನಿಲ್ಲಲಿಲ್ಲ. 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಜಾಲಾಡಿದ 2019ರ ಅಧ್ಯಯನವು ಅಪಾಯ ಸಹಿಷ್ಣುತೆಗೆ ನಂಟಿರುವ 99 ಜೀನ್ ತಾಣಗಳನ್ನು ಗುರುತಿಸಿತಾದರೂ ಪ್ರತಿಯೊಂದರ ಪಾಲೂ ತೀರಾ ಅಲ್ಪ. ಒಂದು ಜೀನಿನ ಕಥೆ ಹೇಳಲು ಸೊಗಸು, ಸತ್ಯ ಅಷ್ಟು ಸರಳವಾಗಿಲ್ಲ.

ಸಾಹಸಿಗೆ ಭಯವೇ ಇಲ್ಲವೆಂಬ ನಂಬಿಕೆಯನ್ನೂ ಪ್ರಯೋಗಗಳು ಎತ್ತಿಹಿಡಿಯುವುದಿಲ್ಲ. 1960ರ ದಶಕದಲ್ಲಿ ಸೀಮೋರ್ ಎಪ್‌ಸ್ಟೀನ್ ಮತ್ತು ವಾಲ್ಟರ್ ಫೆನ್ಜ್ ಧುಮುಕುಕೊಡೆಯಿಂದ ಜಿಗಿಯುವವರನ್ನು ಪರೀಕ್ಷಿಸಿದಾಗ, ಹೊಸಬರ ಭಯ ವಿಮಾನದ ಬಾಗಿಲು ಹತ್ತಿರವಾದಂತೆ ಏರುತ್ತ ಹೋದರೆ, ಪಳಗಿದವರ ಭಯ ಆ ದಿನ ಬೆಳಿಗ್ಗೆಯೇ ತುದಿ ಮುಟ್ಟಿ ಜಿಗಿಯುವ ಹೊತ್ತಿಗೆ ಇಳಿದಿರುವುದು ಕಂಡುಬಂತು. ಅನುಭವವು ಭಯವನ್ನು ಅಳಿಸುವುದಿಲ್ಲ, ಅದು ಬರುವ ಹೊತ್ತನ್ನು ಹಿಂದಕ್ಕೆ ಸರಿಸುತ್ತದೆ. ರಿಚರ್ಡ್ ಸಾಲೊಮನ್ 1974ರಲ್ಲಿ ಮಂಡಿಸಿದ ಪ್ರತಿದ್ವಂದ್ವ ಸಿದ್ಧಾಂತದಂತೆ ತೀವ್ರ ಭಾವವೊಂದು ತಗ್ಗಿದೊಡನೆ ಅದಕ್ಕೆ ವಿರುದ್ಧವಾದ ಭಾವ ಉಕ್ಕುತ್ತದೆ. ಜಿಗಿತ ಪುನರಾವರ್ತನೆಯಾದಂತೆ ಭಯ ಕ್ಷೀಣಿಸಿ, ನೆಲ ಮುಟ್ಟಿದ ಮೇಲಿನ ಉಲ್ಲಾಸ ಬೆಳೆಯುತ್ತದೆ. ಬ್ರಿಟನ್ನಿನ ಮೈಕೆಲ್ ಆಪ್ಟರ್ ಇನ್ನೊಂದು ಅಂಶವನ್ನು ಸೇರಿಸಿದನು: ಅಪಾಯ ರುಚಿಸಬೇಕಾದರೆ ಅದರ ಸುತ್ತ ರಕ್ಷಾಚೌಕಟ್ಟು, ಅಂದರೆ ತನಗೇನೂ ಆಗದೆಂಬ ಭರವಸೆ, ಇರಬೇಕು. ಆ ಭರವಸೆ ಹಗ್ಗದಿಂದ ಬರಬಹುದು, ಕಸುಬಿನಿಂದ ಬರಬಹುದು, ದೇವರಿಂದ ಬರಬಹುದು, ಕೇವಲ ಭಂಡಧೈರ್ಯದಿಂದಲೂ ಬರಬಹುದು. ತಮಿಳುನಾಡಿನಲ್ಲಿ ಹುಟ್ಟಿ ಚಿತ್ರದುರ್ಗದಲ್ಲಿ ನೆಲೆಸಿ ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್, ಏಳುಸುತ್ತಿನ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವಾಗ ನೋಡುವವರಿಗೆ ಹಗ್ಗವಿಲ್ಲದಿರುವುದು ಮಾತ್ರ ಕಾಣುತ್ತದೆ. ಕಲ್ಲಿನ ಯಾವ ಸಂದಿನಲ್ಲಿ ಬೆರಳ ತುದಿ ಕೂರುತ್ತದೆಂಬುದನ್ನು ವರ್ಷಗಟ್ಟಲೆ ಕಲಿತ ಆ ಕೈಗೆ ಚೌಕಟ್ಟು ಇದ್ದೇ ಇದೆ, ಜೋಗದ ಬಂಡೆಗಳಲ್ಲಿ ಶವ ಹುಡುಕಲು ಇಳಿಯುವಾಗ ಅದೇ ಕಸುಬು ಊರಿಗೂ ಒದಗಿದೆ.

ಇಂಥ ಕಸುಬಿನ ಚೌಕಟ್ಟು ಕಡಿಮೆ, ಸಹವಾಸದ ಚೌಕಟ್ಟು ಹೆಚ್ಚು ಎಂಬ ಸ್ಥಿತಿಗೆ ಚೆನ್ನೈನ ಬಸ್ಸು ಮತ್ತು ಲೋಕಲ್ ರೈಲುಗಳಲ್ಲಿನ ಕಾಲೇಜು ಹುಡುಗರ ವರ್ತನೆ ಅತ್ಯಂತ ಸ್ಪಷ್ಟ ನಿದರ್ಶನ. ನಗರದ ಹಳೆಯ ಸರ್ಕಾರಿ ಹಾಗೂ ಅನುದಾನಿತ ಕಾಲೇಜುಗಳ ವಿದ್ಯಾರ್ಥಿಗಳು, ಮುಖ್ಯವಾಗಿ ದೂರದ ಬಡಾವಣೆಗಳಿಂದ ಬರುವ ಬಡ ಮನೆಯ ಹುಡುಗರು, ತಾವು ಬರುವ ಬಸ್ಸಿನ ಮಾರ್ಗಕ್ಕೆ ತಕ್ಕಂತೆ ಗುಂಪು ಕಟ್ಟಿಕೊಳ್ಳುತ್ತಾರೆ. ಪ್ರತಿ ಮಾರ್ಗದ ಗುಂಪಿಗೆ ‘ರೂಟ್ ತಲ’ ಎಂಬ ಮುಂದಾಳು ಇರುತ್ತಾನೆ. ಬಸ್ಸು ನಿಲ್ದಾಣ ಬಿಟ್ಟು ವೇಗ ಹಿಡಿದ ಮೇಲೆ ಓಡಿಬಂದು ಹಿಂಬಾಗಿಲ ಮೆಟ್ಟಿಲಿಗೆ ಹಾರುವುದು, ಒಳಗೆ ಜಾಗವಿದ್ದರೂ ಕಿಟಕಿಯ ಸರಳು ಹಿಡಿದು ಹೊರಗೇ ನೇತಾಡುವುದು, ಚಪ್ಪಲಿಯನ್ನು ಡಾಂಬರಿಗೆ ತಾಗಿಸಿ ಸದ್ದು ಹೊರಡಿಸುವುದು, ಬಸ್ಸಿನ ತಗಡನ್ನೇ ತಮಟೆ ಮಾಡಿಕೊಂಡು ಗಾನಾ ಹಾಡು ಹೇಳುವುದು, ಇವಕ್ಕೆಲ್ಲ ಒಂದು ಕ್ರಮವೂ ಶ್ರೇಣಿಯೂ ಇವೆ. ಹೊಸಬನಿಗೆ ಮೇಲಿನ ಮೆಟ್ಟಿಲು, ಹಳಬನಿಗೆ ಕಟ್ಟಕಡೆಯ ಮೆಟ್ಟಿಲಿನ ಅಂಚು. ವರ್ಷಕ್ಕೊಮ್ಮೆ ನಡೆಯುವ ‘ಬಸ್ ಡೇ’ ಮೂಲದಲ್ಲಿ ತಮ್ಮನ್ನು ದಿನವೂ ಕಾಲೇಜಿಗೆ ಮುಟ್ಟಿಸುವ ಚಾಲಕ ನಿರ್ವಾಹಕರಿಗೆ ಹಾರ ಹಾಕಿ, ಬಸ್ಸನ್ನು ಸಿಂಗರಿಸಿ ಗೌರವಿಸುವ ಆಚರಣೆ. ಬರಬರುತ್ತ ಅದು ಚಾವಣಿಯ ಮೇಲೆ ಕುಣಿಯುತ್ತ ರಸ್ತೆ ತಡೆಯುವ ಮೆರವಣಿಗೆಯಾಯಿತು. 2019ರ ಜೂನ್ 17ರಂದು, ಬೇಸಗೆ ರಜೆಯ ನಂತರ ಕಾಲೇಜು ತೆರೆದ ದಿನ, ಹೀಗೆ ಚಾವಣಿ ಏರಿದ್ದ ಹುಡುಗರು ಬಸ್ಸು ಥಟ್ಟನೆ ಬ್ರೇಕ್ ಹಾಕಿದಾಗ ಒಬ್ಬರ ಮೇಲೊಬ್ಬರು ಉರುಳಿ ರಸ್ತೆಗೆ ಬಿದ್ದ ದೃಶ್ಯ ದೇಶದ ತುಂಬ ಹರಡಿತು.

ಇಲ್ಲಿ ಪ್ರತಿಯೊಬ್ಬನೂ ಹುಟ್ಟಾ ಸಾಹಸಿಯೆಂದು ಭಾವಿಸಬೇಕಾಗಿಲ್ಲ. ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿಹರೆಯದವರು, ಯುವಕರು, ವಯಸ್ಕರು ಎಂಬ ಮೂರು ಗುಂಪುಗಳಿಗೆ ಕಾರು ಓಡಿಸುವ ಗಣಕಯಂತ್ರದ ಆಟವೊಂದನ್ನು ಕೊಡಲಾಗಿತ್ತು. ಗೆಳೆಯರು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ಹದಿಹರೆಯದವರು ಒಬ್ಬಂಟಿಯಾಗಿದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯ ತೆಗೆದುಕೊಂಡರು, ವಯಸ್ಕರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನೋಡುವ ಕಣ್ಣಿದ್ದಲ್ಲಿ ಮಧ್ಯಮ ಅಂಕದ ಹುಡುಗನೂ ಹೆಚ್ಚು ಅಂಕದವನಂತೆ ನಡೆಯುತ್ತಾನೆ. ಮೊಬೈಲ್ ಕ್ಯಾಮೆರಾ ಬಂದ ಮೇಲೆ ಆ ಕಣ್ಣು ಬಸ್ಸಿಳಿದ ಮೇಲೂ ಮುಚ್ಚುವುದಿಲ್ಲ. ಸೆಲ್ಫಿ ತೆಗೆಯುವಾಗ ಸಂಭವಿಸಿದ ಸಾವುಗಳ ಕುರಿತ 2018ರ ಭಾರತೀಯ ಅಧ್ಯಯನವು 2011ರ ಅಕ್ಟೋಬರ್‌ನಿಂದ 2017ರ ನವೆಂಬರ್ ತನಕ ಜಗತ್ತಿನಲ್ಲಿ ವರದಿಯಾದ 259 ಸಾವುಗಳನ್ನು ಲೆಕ್ಕಹಾಕಿತು. ಅವುಗಳಲ್ಲಿ ಅತಿ ಹೆಚ್ಚು ಭಾರತದವು, ಸತ್ತವರಲ್ಲಿ ಬಹುಪಾಲು ಗಂಡಸರು. ಹಾಗೆಂದು ಮೆಟ್ಟಿಲಿನ ಪ್ರಯಾಣವನ್ನೆಲ್ಲ ಮನೋವಿಜ್ಞಾನದ ಲೆಕ್ಕಕ್ಕೆ ಬರೆಯುವುದೂ ಅನ್ಯಾಯವಾದೀತು. 2012ರ ಡಿಸೆಂಬರ್ 10ರಂದು ಪೆರುಂಗುಡಿಯಲ್ಲಿ ಲಾರಿ ತಾಗಿ ಸತ್ತ ನಾಲ್ವರು ವಿದ್ಯಾರ್ಥಿಗಳ ಪ್ರಕರಣವಾಗಲಿ, 2018ರ ಜುಲೈ 24ರಂದು ಸೇಂಟ್ ಥಾಮಸ್ ಮೌಂಟ್ ನಿಲ್ದಾಣದಲ್ಲಿ ಕಾಂಕ್ರೀಟು ಗೋಡೆಗೆ ಬಡಿದು ಲೋಕಲ್ ರೈಲಿನಿಂದ ಬಿದ್ದವರ ಪ್ರಕರಣವಾಗಲಿ, ಕಿಕ್ಕಿರಿದ ಗಾಡಿಯಲ್ಲಿ ಒಳಗೆ ಕಾಲಿಡಲು ಜಾಗವಿಲ್ಲದೆ ಹೊರಗೆ ನಿಂತವರ ಕಥೆಯೂ ಹೌದು. ರೈಲ್ವೆ ಕಾಯಿದೆಯ 156ನೆಯ ಕಲಮು ಚಾವಣಿ ಮತ್ತು ಮೆಟ್ಟಿಲಿನ ಪ್ರಯಾಣಕ್ಕೆ 3 ತಿಂಗಳ ತನಕ ಸಜೆ, 500 ರೂಪಾಯಿ ತನಕ ದಂಡ ಇಲ್ಲವೇ ಎರಡನ್ನೂ ವಿಧಿಸುವಾಗ ಬೇಕೆಂದು ಜೋತವನಿಗೂ ವಿಧಿಯಿಲ್ಲದೆ ಜೋತವನಿಗೂ ಭೇದ ಮಾಡುವುದಿಲ್ಲ.

ವೇಗದ ವಿಷಯದಲ್ಲಿ ಚೆನ್ನೈ ನಗರದ ನಿಲುವು ದ್ವಂದ್ವದ್ದು. ಎರಡನೆಯ ಮಹಾಯುದ್ಧದ ಕಾಲದ ಷೋಳವರಂ ವಿಮಾನದಾರಿಯ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳ ಕಾಲ ಕಾರು ಮತ್ತು ಬೈಕು ಪಂದ್ಯಗಳನ್ನು ನಡೆಸಿತು. 1990ರಲ್ಲಿ ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಅದರ ಸ್ವಂತ ಓಟದ ಹಾದಿ ಸಿದ್ಧವಾಯಿತು. 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಐಲೆಂಡ್ ಮೈದಾನದ ಸುತ್ತ, ನೇಪಿಯರ್ ಸೇತುವೆಯನ್ನೂ ಒಳಗೊಂಡ ಸುಮಾರು 3.5 ಕಿ.ಮೀ. ರಸ್ತೆಯಲ್ಲಿ ಸರ್ಕಾರದ ಬೆಂಬಲದೊಂದಿಗೆ ರಾತ್ರಿಯ ಫಾರ್ಮುಲಾ 4 ಪಂದ್ಯ ನಡೆಯಿತು. ಅದೇ ಸೇತುವೆಯಿಂದ ದಕ್ಷಿಣಕ್ಕೆ ಮೈಲಾಪೂರಿನ ಅಂಚಿನ ದೀಪಸ್ತಂಭದತ್ತ ಸಾಗುವ ಕಾಮರಾಜರ್ ಸಾಲೈಯಲ್ಲಿ ಮಧ್ಯರಾತ್ರಿ ಬೈಕು ಪಂದ್ಯ ಕಟ್ಟುವ ಹುಡುಗರನ್ನು ಹಿಡಿಯಲು ಪೊಲೀಸರು ಬ್ಯಾರಿಕೇಡ್ ಹಾಕುತ್ತಾರೆ. ಹೊಸ ವರ್ಷದ ಹಿಂದಿನ ರಾತ್ರಿಯಂತೂ ಕಡಲತೀರದ ರಸ್ತೆಗಳೂ ಮೇಲ್ಸೇತುವೆಗಳೂ ಮುಚ್ಚಿಹೋಗುತ್ತವೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯಡಿ ರಸ್ತೆಯಲ್ಲಿ ಪಂದ್ಯ ಕಟ್ಟಿದವನಿಗೆ ಮೊದಲ ಸಲ 5,000 ರೂಪಾಯಿ ತನಕ ದಂಡವಿದೆ. ಅಪ್ರಾಪ್ತ ವಯಸ್ಕನ ಕೈಗೆ ವಾಹನ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಸಜೆ. ಬೆಂಗಳೂರಿನ ಹೊರವರ್ತುಲ ರಸ್ತೆಗಳಲ್ಲಿ ಮುಂಗಾಲಿ ಎತ್ತಿ ಓಡಿಸುವ ವೀಲಿಂಗ್ ಹಾವಳಿಯೂ ಇದೇ ಕಾಯಿದೆಯಡಿ ಬರುತ್ತದೆ. 2023ರ ಸೆಪ್ಟೆಂಬರ್ 17ರಂದು ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಕಾಂಚೀಪುರದ ಬಳಿ ಇಂಥದೇ ಕಸರತ್ತು ಮಾಡಹೋಗಿ ಬಿದ್ದ ಯೂಟ್ಯೂಬ್ ಸವಾರನೊಬ್ಬನ ಚಾಲನಾ ಪರವಾನಗಿಯನ್ನು ಸಾರಿಗೆ ಇಲಾಖೆ 10 ವರ್ಷ ಅಮಾನತಿನಲ್ಲಿಟ್ಟಿತು.

ಸಂವೇದನಾಕಾಂಕ್ಷೆಗೂ ಅಪಾಯಕರ ಚಾಲನೆಗೂ ಇರುವ ನಂಟನ್ನು ಸುಮಾರು 40 ಅಧ್ಯಯನಗಳ ಆಧಾರದ ಮೇಲೆ 1997ರಲ್ಲಿ ಬ್ರಯಾನ್ ಜೋನಾ ಸಮೀಕ್ಷಿಸಿ, ಅದು ಮಧ್ಯಮ ಪ್ರಮಾಣದ್ದೆಂದು ತೋರಿಸಿದನು. ಆದರೂ ಪಂದ್ಯದ ಹಾದಿಗೂ ಬೀದಿಗೂ ನಡುವೆ ಇರುವ ವ್ಯತ್ಯಾಸ ಮನಸ್ಸಿನ ವ್ಯತ್ಯಾಸವೆನ್ನುವುದಕ್ಕಿಂತ ದುಡ್ಡಿನ ವ್ಯತ್ಯಾಸವೆನ್ನುವುದು ಹೆಚ್ಚು ಸರಿ. ಓಟದ ಹಾದಿಗಿಳಿಯಲು ತಂಡ, ಬೈಕು, ಚರ್ಮದ ಉಡುಪು, ಪರವಾನಗಿ, ಪ್ರಾಯೋಜಕ ಎಲ್ಲವೂ ಬೇಕು. ಬೀದಿಗೆ ಅಣ್ಣನ ಬೈಕು ಸಾಕು. ಹಾದಿಯೂ ಪೂರ್ಣ ಸುರಕ್ಷಿತವಲ್ಲ. 2023ರ ಆಗಸ್ಟ್ 5ರಂದು ಇರುಂಗಾಟ್ಟುಕೋಟೈಯ ರಾಷ್ಟ್ರೀಯ ಪಂದ್ಯದಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ಸವಾರನೊಬ್ಬ ಬಿದ್ದು ಮೃತನಾದಾಗ, ಯಾವ ವಯಸ್ಸಿಗೆ ಅಪಾಯಕ್ಕೆ ಒಪ್ಪಿಗೆ ಕೊಡಬಹುದೆಂಬ ಪ್ರಶ್ನೆ ಎದ್ದಿತು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಬೈಕ್ ಸವಾರ. 2021ರ ಅದೇ ರ‍್ಯಾಲಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ವೈದ್ಯರು ಅವರನ್ನು ಕೃತಕ ಪ್ರಜ್ಞಾಶೂನ್ಯ ಸ್ಥಿತಿಯಲ್ಲಿಡಬೇಕಾಯಿತು. ಸ್ಟೀಫನ್ ಲಿಂಗ್ ಎಂಬ ಸಮಾಜವಿಜ್ಞಾನಿ 1990ರಲ್ಲಿ ಇಂಥ ಸ್ವಯಂ ಆಯ್ಕೆಯ ಅಪಾಯಕ್ಕೆ ಅಂಚಿನಾಟ ಎಂಬರ್ಥದ ಹೆಸರು ಕೊಟ್ಟನು. ಅವನ ಪ್ರಕಾರ ಆಟಗಾರನಿಗೆ ಬೇಕಾಗಿರುವುದು ಸಾವಲ್ಲ, ಕೈಮೀರಬಹುದಾದ ಕ್ಷಣದಲ್ಲಿ ಕೈಮೀರದಂತೆ ಹಿಡಿದೆನೆಂಬ ಅನುಭವ.

ರೋಮಾಂಚನವನ್ನು ದೇವರ ಹೆಸರಿನಲ್ಲಿ ಅರಸುವುದು ಈ ವೇಗದ ಆಟಗಳಿಗಿಂತ ಬಹಳ ಹಳೆಯದು. ಅದನ್ನು ಈ ಲೇಖನದಲ್ಲಿ ಸೇರಿಸಬಹುದೇ ಎಂಬುದು ವಿವಾದದ ಪ್ರಶ್ನೆ. ತಮಿಳುನಾಡಿನ ದ್ರೌಪದಿ ಅಮ್ಮನ್ ಗುಡಿಗಳ ತೀಮಿದಿಯಲ್ಲಿ, ಮಂಡ್ಯ, ರಾಮನಗರ, ಚಾಮರಾಜನಗರ ಕಡೆಯ ಕೊಂಡೋತ್ಸವದಲ್ಲಿ ಕೆಂಡದ ಮೇಲೆ ನಡೆಯುವವನು ವ್ರತ ಹಿಡಿದು, ಹರಕೆ ಹೊತ್ತು ಬಂದಿರುತ್ತಾನೆ; ಅವನಿಗೆ ತಾನು ಮಜಾ ಹುಡುಕುತ್ತಿದ್ದೇನೆಂದು ಹೇಳಿದರೆ ಅವಮಾನವಾದೀತು. ಆದರೆ ದೇಹದ ಮಟ್ಟದಲ್ಲಿ ಸಾಮ್ಯವಿದೆ. ಸ್ಪೇನ್ ದೇಶದ ಸಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯ ಕೆಂಡ ಹಾಯುವ ಆಚರಣೆಯಲ್ಲಿ ಹಾಯುವವರ ಮತ್ತು ನೋಡುತ್ತ ಕುಳಿತ ಅವರ ಬಂಧುಗಳ ಹೃದಯ ಬಡಿತ ಒಂದೇ ಲಯದಲ್ಲಿ ಏರಿಳಿಯುವುದನ್ನೂ, ಸಂಬಂಧವಿಲ್ಲದ ಪ್ರೇಕ್ಷಕರಲ್ಲಿ ಹಾಗಾಗದಿರುವುದನ್ನೂ 2011ರ ಅಧ್ಯಯನ ದಾಖಲಿಸಿತು. ಮಾರಿಷಸ್ಸಿನ ತಮಿಳರ ತೈಪೂಸಂ ಹಬ್ಬದಲ್ಲಿ ಮೈಗೆ ಸೂಜಿ, ಕೊಕ್ಕೆ ಚುಚ್ಚಿಕೊಂಡು ಕಾವಡಿ ಹೊತ್ತವರು ಕೇವಲ ಸಾಮೂಹಿಕ ಪ್ರಾರ್ಥನೆಯಲ್ಲಿ ಪಾಲ್ಗೊಂಡವರಿಗಿಂತ ಹೆಚ್ಚು ಹಣವನ್ನು ಗುಡಿಗೆ ಕೊಟ್ಟರೆಂದು ದಿಮಿತ್ರಿಸ್ ಜಿಗಲಾಟಸ್ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದರು. ಪಂಗುಣಿ ಮಾಸದ ಉತ್ಸವದಲ್ಲಿ ಕಪಾಲೀಶ್ವರನ ತೇರು ಮೈಲಾಪೂರಿನ ನಾಲ್ಕು ಮಾಡವೀದಿಗಳನ್ನು ಸುತ್ತುವಾಗ ಹಗ್ಗ ಎಳೆಯುವ ಸಾವಿರಾರು ಜನರ ಉತ್ಸಾಹ ಒಂದು ಬಗೆಯದು. ಉರುಳುವ ಗಾಲಿಯ ಬದಿಯಲ್ಲೇ ಬಗ್ಗಿ ನಡೆಯುತ್ತ, ತಿರುವಿನಲ್ಲಿ ಗಾಲಿಯಡಿಗೆ ಮರದ ದಪ್ಪ ತುಂಡನ್ನು ಸರಿಸಿ ಕ್ಷಣಾರ್ಧದಲ್ಲಿ ಕೈ ಹಿಂತೆಗೆಯುವ ನಾಲ್ಕಾರು ಮಂದಿಯ ಏಕಾಗ್ರತೆ ಇನ್ನೊಂದು ಬಗೆಯದು. ಅಪಾಯ ಇವರಿಗೇ ಹೆಚ್ಚು, ರೋಮಾಂಚನ ಎಳೆಯುವವರಿಗೆ ಹೆಚ್ಚು. ಅಪಾಯದ ಪ್ರಮಾಣದಿಂದ ರೋಮಾಂಚನದ ಪ್ರಮಾಣವನ್ನು ಊಹಿಸಬಾರದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಹೋರಿಯ ಆಟಗಳು ಮೋಜು ಮತ್ತು ಭಕ್ತಿ ಈ ಎರಡರ ನಡುವೆ ನಿಲ್ಲುತ್ತವೆ. ಜಲ್ಲಿಕಟ್ಟಿನಲ್ಲಿ ಬಾಗಿಲಿನಿಂದ ನುಗ್ಗುವ ಹೋರಿಯ ಹಿಣಿಲನ್ನು ತಬ್ಬಿ ನಿಲ್ಲಬೇಕು. ಹಾವೇರಿ, ಶಿವಮೊಗ್ಗ ಸೀಮೆಯ ಹೋರಿ ಬೆದರಿಸುವ ಹಬ್ಬದಲ್ಲಿ ಓಡುವ ಹೋರಿಯ ಕೊರಳ ಕೊಬ್ಬರಿ ಹಾರ ಕಿತ್ತುಕೊಳ್ಳಬೇಕು. ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಜಲ್ಲಿಕಟ್ಟನ್ನು ನಿಷೇಧಿಸಿದ ಮೇಲೆ 2017ರ ಜನವರಿಯಲ್ಲಿ ಮರೀನಾದಲ್ಲಿ ಲಕ್ಷಾಂತರ ಯುವಜನರು ಅದನ್ನು ಪ್ರತಿಭಟಿಸಿ ದಿನಗಟ್ಟಲೆ ಕುಳಿತರು. ಅವರಲ್ಲಿ ಅನೇಕರು ಹೋರಿಯನ್ನು ಮುಟ್ಟಿಯೂ ನೋಡದ ನಗರವಾಸಿಗಳು ಎಂಬುದು ಗಮನಾರ್ಹ: ಅಪಾಯದ ಆಟವೊಂದು ಆಡದವರಿಗೂ ಸ್ವಾಭಿಮಾನದ ಗುರುತಾಗಬಲ್ಲದು. ಆ ವರ್ಷ ತಮಿಳುನಾಡೂ ಕರ್ನಾಟಕವೂ ತಂದುಕೊಂಡ ತಿದ್ದುಪಡಿಗಳನ್ನು, ಎಂದರೆ ಜಲ್ಲಿಕಟ್ಟು ಮತ್ತು ಕಂಬಳ ಎರಡನ್ನೂ, ಐವರು ನ್ಯಾಯಮೂರ್ತಿಗಳ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು.

ಬುದ್ಧಿಯ ಸಾಹಸಕ್ಕೆ ಚೆನ್ನೈ ಚದುರಂಗವನ್ನು ಆರಿಸಿಕೊಂಡಿದೆ. ಮೈಲಾಪೂರಿಗೆ ಅಂಟಿಕೊಂಡಿರುವ ಆಳ್ವಾರ್‌ಪೇಟೆಯ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ, ಕಾಯಿಗಳನ್ನು ಬಲಿಕೊಟ್ಟು ಗೆಲ್ಲುವುದಕ್ಕೆ ಹೆಸರಾದ ಮಿಖಾಯಿಲ್ ತಾಲ್‌ನ ಹೆಸರಿನ ಕ್ಲಬ್ಬಿನಲ್ಲಿ ಬಾಲಕ ವಿಶ್ವನಾಥನ್ ಆನಂದ್ ಆಡಿ ಬೆಳೆದರು. ಕ್ಷಣಮಾತ್ರದಲ್ಲಿ ನಡೆ ನಡೆಸುವ ಅವರ ವೇಗವೇ ಆಗ ಸುದ್ದಿಯಾಗಿತ್ತು. ಚದುರಂಗ ಆಡುವವರು ಸಂವೇದನಾಕಾಂಕ್ಷೆಯ ಅಳತೆಯಲ್ಲಿ ಇತರರಿಗಿಂತ ಹೆಚ್ಚು ಅಂಕ ಪಡೆಯುತ್ತಾರೆಂದು 2002ರ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಾಗ ಅನೇಕರಿಗೆ ಅಚ್ಚರಿಯಾಯಿತು, ಏಕೆಂದರೆ ಹೊರಗಿನಿಂದ ಅಷ್ಟು ನಿಶ್ಚಲವಾಗಿ ಕಾಣುವ ಆಟ ಇನ್ನೊಂದಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ 18ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಚೆನ್ನೈನ ಡಿ. ಗುಕೇಶ್, ಗೆದ್ದರೆ ಜಿಗಿಯುವೆನೆಂದು ಮಾತು ಕೊಟ್ಟಿದ್ದಂತೆ ಅಲ್ಲೇ ಬಂಜೀ ಹಗ್ಗ ಕಟ್ಟಿಕೊಂಡು ಜಿಗಿದರು. ಇದಕ್ಕೆ ವಿರುದ್ಧವಾಗಿ, 1994ರಲ್ಲಿ ಒಂದೇ ವರ್ಷದೊಳಗೆ ಆರು ಜಲಸಂಧಿಗಳನ್ನು ಈಜಿದ ಬಾಲಕ ಕುಟ್ರಾಲೀಶ್ವರನ್ ಅವರಂಥವರ ಸಾಧನೆಯನ್ನು ರೋಮಾಂಚನಪ್ರಿಯತೆಯ ಲೆಕ್ಕಕ್ಕೆ ಹಾಕುವಾಗ ಎಚ್ಚರ ಬೇಕು. ದೂರದ ಓಟ, ದೂರದ ಈಜುಗಳಂಥ ಒಂದೇ ಲಯದ, ತಾಳ್ಮೆ ಬೇಡುವ ಕ್ರೀಡೆಗಳು ಬೇಸರ ಸಹಿಸದವರನ್ನು ವಿಶೇಷವಾಗಿ ಸೆಳೆಯುವುದಿಲ್ಲ.

ಹಣದ ವಿಷಯದಲ್ಲಿ ಮೈಲಾಪೂರಿನ ಹೆಸರು ಎಚ್ಚರಿಕೆಗೆ ಪರ್ಯಾಯಪದ. 1872ರಲ್ಲಿ ಆರಂಭವಾದ ಮೈಲಾಪೂರ್ ಹಿಂದೂ ಪರ್ಮನೆಂಟ್ ಫಂಡ್ ಎಂಬ ನಿಧಿ ಸಂಸ್ಥೆ ದೀರ್ಘಕಾಲ ಆ ಮನೋಭಾವದ ಗುರುತಾಗಿತ್ತು. 1906ರ ಅಕ್ಟೋಬರ್ 22ರಂದು, ಲಂಡನ್ನಿನ ಪಾಲುದಾರನ ಸಟ್ಟಾ ವ್ಯವಹಾರದಿಂದಾಗಿ ಅರ್ಬತ್‌ನಾಟ್ ಕಂಪನಿ ಮುಳುಗಿ ಮದ್ರಾಸಿನ ಸಾವಿರಾರು ಕುಟುಂಬಗಳ ಠೇವಣಿ ಕರಗಿದಾಗ, ಮೈಲಾಪೂರಿನ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂದೆ ನಿಂತು 1907ರಲ್ಲಿ ಇಂಡಿಯನ್ ಬ್ಯಾಂಕ್ ಕಟ್ಟಿಸಿದರು. ಹಣದಲ್ಲಿ ಜಾಗರೂಕನಾದವನು ಬೇರೆ ವಿಷಯದಲ್ಲೂ ಹಾಗೆಯೇ ಇರಬೇಕಿಲ್ಲ. ಎಲ್ಕೆ ವೆಬರ್ ಮತ್ತು ಸಂಗಡಿಗರು 2002ರಲ್ಲಿ ರೂಪಿಸಿದ ಅಳತೆಯು ಹಣ, ಆರೋಗ್ಯ, ಮನರಂಜನೆ, ನೀತಿ, ಸಮಾಜ ಎಂಬ ಐದು ಕ್ಷೇತ್ರಗಳಲ್ಲಿ ಒಬ್ಬನದೇ ಧೈರ್ಯ ಬೇರೆಬೇರೆಯಾಗಿರುವುದನ್ನು ತೋರಿಸಿತು. ಮೊಬೈಲಿನ ರಮ್ಮಿ ಈ ಗಡಿಗಳನ್ನು ಅಳಿಸಿತು: ಮನೆಯ ಮೂಲೆಯಲ್ಲಿ ಸದ್ದಿಲ್ಲದೆ, ಯಾರ ಕಣ್ಣಿಗೂ ಬೀಳದೆ, ಕೆಲವೇ ನಿಮಿಷಗಳಲ್ಲಿ ಸಂಬಳ ಸೋಲಬಹುದಿತ್ತು. ತಮಿಳುನಾಡು 2022ರಲ್ಲಿ ಆನ್‌ಲೈನ್ ಜೂಜಿನ ವಿರುದ್ಧ ಕಾಯಿದೆ ಮಾಡಿದರೆ, ಹಣ ಪಣಕ್ಕಿಡುವ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯಿದೆಯಿಂದ ದೇಶಾದ್ಯಂತ ನಿಷೇಧಿಸಿತು. ಇಲ್ಲಿ ರೋಮಾಂಚನಪ್ರಿಯತೆ ಚಟದ ಗಡಿಯನ್ನು ಮುಟ್ಟುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತೆರೆದ ಷಟ್ ಚಿಕಿತ್ಸಾಲಯ ತಂತ್ರಜ್ಞಾನದ ಇಂಥ ಅತಿಬಳಕೆಗೆಂದೇ ಮೀಸಲಾದದ್ದು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಕ್ಷೇತ್ರದ ಸಾಹಿತ್ಯ ಸಾಕಷ್ಟು ಏಕಪಕ್ಷೀಯ. ಗಂಡಸರ ಸರಾಸರಿ ಅಂಕ ಹೆಚ್ಚೆಂಬುದು ನಿಜವಾದರೂ, ದೈಹಿಕ ಸಾಹಸದ ಅಂಶದಲ್ಲಿ ಆ ಅಂತರ ದಶಕಗಳಿಂದ ಕಿರಿದಾಗುತ್ತ ಬಂದಿದೆಯೆಂದು 2013ರಲ್ಲಿ ಪ್ರಕಟವಾದ ಒಟ್ಟುಗೂಡಿಕೆಯ ಅಧ್ಯಯನ ತೋರಿಸಿತು. 2018ರಲ್ಲಿ ಸ್ಪೇನಿನ ಪಂದ್ಯವೊಂದರಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ, ಮರುವರ್ಷ ಬಾಜಾ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿ ಗೆದ್ದರು. ಬಸ್ಸಿನ ಮೆಟ್ಟಿಲಿನಲ್ಲಿ ಹುಡುಗಿಯರು ಕಾಣದಿರುವುದಕ್ಕೆ ಅವರ ನರಮಂಡಲವನ್ನು ಕಾರಣ ಮಾಡುವ ಮೊದಲು, ಹಾಗೆ ಜೋತವಳನ್ನು ಊರು ಹೇಗೆ ನಡೆಸಿಕೊಳ್ಳುತ್ತದೆಂದು ಕೇಳಬೇಕಾಗುತ್ತದೆ.

ತಡೆಯುವ ಉಪಾಯಗಳಲ್ಲಿ ಹೆದರಿಸುವ ಜಾಹೀರಾತುಗಳು ಈ ವರ್ಗದ ಮೇಲೆ ಅಷ್ಟಾಗಿ ನಾಟುವುದಿಲ್ಲ. ಕೆಂಟಕಿಯ ಲೂಯಿಸ್ ಡೊನೊಹ್ಯೂ ಮತ್ತು ಫಿಲಿಪ್ ಪಾಮ್‌ಗ್ರೀನ್, ರೋಮಾಂಚನಪ್ರಿಯ ಹದಿಹರೆಯದವರನ್ನೇ ಗುರಿಯಾಗಿಸಿ ವೇಗದ, ತೀವ್ರವಾದ ದೃಶ್ಯಗಳುಳ್ಳ ಟಿವಿ ಜಾಹೀರಾತುಗಳನ್ನು ಪ್ರಸಾರ ಮಾಡಿಸಿದಾಗ ಆ ಗುಂಪಿನಲ್ಲಿ ಗಾಂಜಾ ಬಳಕೆ ಇಳಿದುದನ್ನು 2001ರಲ್ಲಿ ವರದಿ ಮಾಡಿದರು. ಚೆನ್ನೈನಲ್ಲಿ ಪೊಲೀಸರು ರೂಟ್ ತಲಗಳಿಂದ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡಿದ್ದಾರೆ, ಸಾರಿಗೆ ಸಂಸ್ಥೆ ಬಸ್ಸುಗಳಿಗೆ ಮುಚ್ಚುವ ಬಾಗಿಲು ಅಳವಡಿಸುತ್ತ ಬಂದಿದೆ, 2025ರ ಏಪ್ರಿಲ್‌ನಲ್ಲಿ ತಾನಾಗಿ ಮುಚ್ಚುವ ಬಾಗಿಲಿನ ಹವಾನಿಯಂತ್ರಿತ ಲೋಕಲ್ ರೈಲು ಓಡತೊಡಗಿತು. ಒಂದು ಅಪಾಯವನ್ನು ಮುಚ್ಚಿದರೆ ಜನರು ಇನ್ನೊಂದೆಡೆ ಅಷ್ಟೇ ಅಪಾಯವನ್ನು ಹುಡುಕಿಕೊಳ್ಳುತ್ತಾರೆಂದು ಜೆರಾಲ್ಡ್ ವೈಲ್ಡ್ 1982ರಲ್ಲಿ ವಾದಿಸಿದ್ದುಂಟು. ಸೀಟುಬೆಲ್ಟು, ಹೆಲ್ಮೆಟ್ಟುಗಳಿಂದ ಸಾವು ಸ್ಪಷ್ಟವಾಗಿ ಇಳಿದಿರುವುದರಿಂದ ಆ ವಾದವನ್ನು ಪೂರ್ಣವಾಗಿ ಒಪ್ಪುವವರು ಕಡಿಮೆ. ಮೈಲಾಪೂರಿನ ಮಟ್ಟಿಗೆ ಈ ವಾದದ ಪರೀಕ್ಷೆ ದೂರವಿಲ್ಲ. 1997ರಲ್ಲಿ ಬಕಿಂಗ್‌ಹ್ಯಾಂ ಕಾಲುವೆಯ ಮೇಲೆ ತೆರೆದ ಎತ್ತರಿಸಿದ ರೈಲುಮಾರ್ಗದ ತಿರುಮಯಿಲೈ ನಿಲ್ದಾಣಕ್ಕೆ ಬರುವ ಗಾಡಿಗಳ ಬಾಗಿಲು ಸದಾ ತೆರೆದೇ ಇರುತ್ತದೆ. ಅದರ ಪಕ್ಕದಲ್ಲಿ ನೆಲದಡಿ ನಿರ್ಮಾಣವಾಗುತ್ತಿರುವ ಮೆಟ್ರೋ ನಿಲ್ದಾಣದಲ್ಲಿ ಗಾಡಿ ನಿಂತ ಮೇಲಷ್ಟೇ ತೆರೆಯುವ ಗಾಜಿನ ಬಾಗಿಲುಗಳು ಪ್ಲಾಟ್‌ಫಾರ್ಮಿನ ಅಂಚಿನಲ್ಲಿಯೇ ಬರಲಿವೆ.